ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೆ ಲೆಕ್ಕ ಆಗುತ್ತಾ?

ತಂಗಿ,

ಹಾಸನದಿಂದ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಗೆ ನರ್ಸಾಗಿ ಬರ್ತಿದ್ದೀನಿ, ಹಬ್ಬದ ದಿನ ರಜೆ ಇರುತ್ತಾ, ಚರ್ಚಿನಲ್ಲಿ ಶನಿವಾರ ಸಂಜೆ ಪೂಜೆ ನೋಡಿದರೆ ಭಾನುವಾರದ ಕಡ್ಡಾಯ ಪೂಜೆಗೆ ಲೆಕ್ಕ ಆಗುತ್ತಾ ಅಂತ ಕೇಳಿದ್ದೀಯ. ಲೆಕ್ಕ ಆಗುತ್ತೆ. ನಮ್ಮ ಕಥೋಲಿಕ ಧರ್ಮಸಭೆಯ ಕಾನೂನಿನ 1248ನೇ ವಿಧಿಯಲ್ಲೇ ಇದೆ: ಆ ದಿನ ಅಥವಾ ಅದರ ಹಿಂದಿನ ಸಂಜೆ, ಕಥೋಲಿಕ ವಿಧಿಯ ಯಾವ ಪೂಜೆಯಾದರೂ ಸರಿ. ಕೇರಳದ ಸಿರೋ ಮಲಬಾರ್ ಕಥೋಲಿಕರದ್ದಾಗಲಿ, ಪೋಲಿಷ್ ಭಾಷೆಯದ್ದಾಗಲಿ. ಸಂಜೆ ಅಂದರೆ 4 ಗಂಟೆ ಮೇಲೆ ಅಂತ ಇಟ್ಕೊ. ಶನಿವಾರ ಬೆಳಿಗ್ಗೆ 10ರ ಪೂಜೆ ಶನಿವಾರದ್ದೇ, ಭಾನುವಾರಕ್ಕೆ ಬರಲ್ಲ.

ಹೊಸಬರು ಎಡವೋದು ಬಾಗಿಲಲ್ಲೇ. ಸಂತ ಮೇರಿ ಅಂತ ಹೆಸರು, ಕಲ್ಲಿನ ಗೋಪುರ, ಒಳಗೆ ಮೇಣದಬತ್ತಿ, ಪಾದ್ರಿಗೆ ನಮ್ಮವರದ್ದೇ ಥರದ ಉಡುಪು. ಆದರೂ ಅದು ಕಥೋಲಿಕರದ್ದಲ್ಲದ ಚರ್ಚ್ ಆಫ್ ಇಂಗ್ಲೆಂಡ್ ಆಗಿರಬಹುದು. ಬೋರ್ಡಿನಲ್ಲಿ ಕ್ಯಾಥೊಲಿಕ್ ಅಥವಾ ಆರ್‌ಸಿ (ರೋಮನ್ ಕ್ಯಾಥೊಲಿಕ್) ಅಂತ ಇದೆಯಾ ನೋಡಿ ಒಳಗೆ ಹೋಗು.

ಇನ್ನು ರಜೆ. ನಮ್ಮಲ್ಲಿ ಆಗಸ್ಟ್ 15 ಮಾತೆ ಮರಿಯಳ ಸ್ವರ್ಗಾರೋಹಣ, ಸ್ವಾತಂತ್ರ್ಯ ದಿನವೂ ಹೌದು, ಹಾಗಾಗಿ ರಜೆ ಕೇಳೋ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ಅದು ಕೆಲಸದ ದಿನ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾನುವಾರ ಬಿಟ್ಟು ಕಡ್ಡಾಯ ಹಬ್ಬಗಳು, ಅಂದರೆ ಪೂಜೆಗೆ ಹೋಗಲೇಬೇಕಾದ ದಿನಗಳು, ಇವು: ಕ್ರಿಸ್ಮಸ್, ಜನವರಿ 6ರ ಮೂರು ಜ್ಞಾನಿಗಳ ಹಬ್ಬ, ಈಸ್ಟರ್ ಆಗಿ 40ನೇ ದಿನ ಗುರುವಾರ ಬರುವ ಪ್ರಭುವಿನ ಸ್ವರ್ಗಾರೋಹಣ, ಜೂನ್ 29ರ ಸಂತ ಪೇತ್ರ ಪೌಲರ ಹಬ್ಬ, ಆಗಸ್ಟ್ 15, ನವೆಂಬರ್ 1ರ ಸಕಲ ಸಂತರ ಹಬ್ಬ. ಇದರಲ್ಲಿ ಸರ್ಕಾರಿ ರಜೆ ಕ್ರಿಸ್ಮಸ್ ಒಂದಕ್ಕೇ. ಸ್ಕಾಟ್ಲೆಂಡಿಗೆ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿಯೇ ಬೇರೆ, ಈ ಪಟ್ಟಿ ಅಲ್ಲಿಗೆ ಹಿಡಿಯಬೇಡ.

ಕ್ರಿಸ್ಮಸ್ ಬಿಟ್ಟು ಉಳಿದ ಹಬ್ಬ ಶನಿವಾರ ಅಥವಾ ಸೋಮವಾರ ಬಿದ್ದರೆ ಪಕ್ಕದ ಭಾನುವಾರಕ್ಕೆ ಸರಿಸ್ತಾರೆ. 2026ರಲ್ಲಿ ಜೂನ್ 29 ಸೋಮವಾರ, ಹಬ್ಬ 28ಕ್ಕೆ. ಆಗಸ್ಟ್ 15 ಶನಿವಾರ, ಹಬ್ಬ 16ಕ್ಕೆ. ನವೆಂಬರ್ 1 ಭಾನುವಾರವೇ. ಆದರೆ 2027ರ ಜನವರಿ 6 ಬುಧವಾರ, ಮೇ 6 ಗುರುವಾರ, ಜೂನ್ 29 ಮಂಗಳವಾರ. ಈ ಮೂರು ದಿನಾಂಕ ಈಗಲೇ ಫೋನಿನ ಕ್ಯಾಲೆಂಡರಿಗೆ ಹಾಕ್ಕೋ.

ಯಾಕೆ ಅಂದರೆ ನಿನ್ನ ಕಷ್ಟ ಇರೋದು ಡ್ಯೂಟಿಯಲ್ಲಿ. ವಾರ್ಡಿನ ಲಾಂಗ್ ಡೇ ಹೆಚ್ಚುಕಮ್ಮಿ ಬೆಳಿಗ್ಗೆ 7.30ರಿಂದ ರಾತ್ರಿ 8ರವರೆಗೆ. ಹಬ್ಬದ ದಿನದ ಪೂಜೆ ಸಾಮಾನ್ಯವಾಗಿ ಬೆಳಿಗ್ಗೆ 9.30 ಅಥವಾ 10ಕ್ಕೆ, ಆಫೀಸುಗಳ ಹತ್ತಿರ ಮಧ್ಯಾಹ್ನ 12ರ ಆಸುಪಾಸು, ಸಂಜೆ 7ಕ್ಕೆ. ಲಾಂಗ್ ಡೇ ಇದ್ದರೆ ಮೂರೂ ಕೈತಪ್ಪುತ್ತೆ. ಹಾಗಾಗಿ ರೋಸ್ಟರ್ ತಯಾರಾಗೋ ಮುಂಚೆಯೇ ಹಬ್ಬದ ದಿನವನ್ನೋ ಹಿಂದಿನ ದಿನವನ್ನೋ ಆಫ್ ಕೇಳು. ಎರಡರಲ್ಲಿ ಒಂದು ಸಿಕ್ಕರೆ ಸಾಕು, ವಿಜಿಲ್ ಪೂಜೆಯ (ಹಿಂದಿನ ಸಂಜೆಯ ಪೂಜೆಯ) ಅನುಕೂಲವೇ ಅದು. ನೈಟ್ ಡ್ಯೂಟಿ ಇದ್ದರೆ ಮಲಗೋ ಮುಂಚೆ ಬೆಳಗಿನ ಪೂಜೆ ಮುಗಿಸಿಕೋ. ಎರಡು ದಿನವೂ ಡ್ಯೂಟಿ ಬಿದ್ದು ಬರಕ್ಕಾಗದೇ ಹೋದರೆ ಪಾಪ ಅಂತ ಕೊರಗಬೇಡ. ರೋಗಿಗಳ ಆರೈಕೆ ಗಟ್ಟಿ ಕಾರಣ, ಅದಕ್ಕೆ ಧರ್ಮಸಭೆಯಲ್ಲೇ ವಿನಾಯಿತಿ ಇದೆ. ತಿಂಗಳುಗಟ್ಟಲೆ ಹೀಗೇ ಆದರೆ ಮಾತ್ರ ಫಾದರ್ ಹತ್ತಿರ ಮಾತಾಡು.

ಸಮಯವನ್ನು ಗೂಗಲ್ ನೋಡಿ ನಂಬಬೇಡ. ಒಬ್ಬರೇ ಫಾದರ್ ಎರಡು ಮೂರು ಚರ್ಚ್ ನೋಡಿಕೊಳ್ತಿರ್ತಾರೆ. ಹಬ್ಬದ ದಿನ ಮಾಮೂಲಿ ಬೆಳಗಿನ ಪೂಜೆ ರದ್ದಾಗಿ ಪಕ್ಕದ ಚರ್ಚಿನಲ್ಲಿ ಸಂಜೆಗೆ ಇಟ್ಟಿರಬಹುದು. ಚರ್ಚಿನ ವೆಬ್‌ಸೈಟಿನಲ್ಲಿ ಪ್ರತಿ ವಾರ ನ್ಯೂಸ್‌ಲೆಟರ್ ಹಾಕ್ತಾರೆ, ಅದೇ ಪ್ರಮಾಣ. ಅದರಲ್ಲಿ "ವಿಜಿಲ್" ಅಂತ ಬರೆದಿದ್ದರೆ ಹಿಂದಿನ ಸಂಜೆ ಅಂತ ಓದ್ಕೋ.

ಕ್ರಿಸ್ಮಸ್‌ಗೆ ಒಂದು ಮುಖ್ಯ ವಿಷಯ. ಡಿಸೆಂಬರ್ 25ಕ್ಕೆ ಇಲ್ಲಿ ರೈಲು ಓಡಲ್ಲ, ಬಸ್ಸೂ ಹೆಚ್ಚಿನ ಕಡೆ ಇಲ್ಲ, 24ರ ಸಂಜೆಯೂ ಬೇಗ ನಿಲ್ಲಿಸ್ತಾರೆ. ನಡೆದು ಹೋಗಿಬರುವ ದೂರದ ಚರ್ಚನ್ನೇ ಗೊತ್ತುಮಾಡಿಕೋ. ನಡುರಾತ್ರಿ ಪೂಜೆ ಅಂತ ಹೆಸರಿದ್ದರೂ ಎಷ್ಟೋ ಕಡೆ 8ಕ್ಕೋ 9ಕ್ಕೋ ಶುರು. 24ರ ಸಂಜೆ ಮಕ್ಕಳ ಪೂಜೆಗೆ ಅರ್ಧ ಗಂಟೆ ಮುಂಚೆ ಹೋಗದಿದ್ದರೆ ನಿಂತೇ ಇರಬೇಕು. 2027ರಲ್ಲಿ ಕ್ರಿಸ್ಮಸ್ ಶನಿವಾರ, ಮಾರನೇ ದಿನ ಭಾನುವಾರ. ಆಗ ಎರಡು ಪೂಜೆ ಬೇಕು. 25ರ ಸಂಜೆ ಒಂದೇ ಪೂಜೆ ನೋಡಿ ಎರಡಕ್ಕೂ ಲೆಕ್ಕ ಹಿಡಿಯಕ್ಕೆ ಬರಲ್ಲ.

ಸೆಪ್ಟೆಂಬರ್ 8ರ ತೆನೆ ಹಬ್ಬ (ಮಾತೆ ಮರಿಯಳ ಜನ್ಮದಿನ) ಇಲ್ಲಿ ಕಡ್ಡಾಯ ಅಲ್ಲ, ಸಾಧಾರಣ ಬೆಳಗಿನ ಪೂಜೆ ಅಷ್ಟೆ, ತೆನೆ ಆಶೀರ್ವಾದವೂ ಇರಲ್ಲ. ಮಂಗಳೂರು, ಚಿಕ್ಕಮಗಳೂರು ಕಡೆಯಿಂದ ಇಲ್ಲಿಗೆ ಬಂದಿರೋ ಕೊಂಕಣಿಯವರು ಹತ್ತಿರದ ಶನಿವಾರವೋ ಭಾನುವಾರವೋ ಸೇರಿ ಮಾಡ್ತಾರೆ, ವಿಚಾರಿಸು.

ಈಸ್ಟರ್ ಹಿಂದಿನ ಶನಿವಾರ ಮಾಮೂಲಿ 6 ಗಂಟೆ ಪೂಜೆಗೆ ಅಂತ ಹೋದರೆ ಬಾಗಿಲು ಹಾಕಿರುತ್ತೆ. ಅವತ್ತು ಇರೋದು ಪಾಸ್ಖ ಜಾಗರಣೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆ, ಅದು ಕತ್ತಲಾದ ಮೇಲೇ ಶುರುವಾಗಬೇಕು. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದೇ 7.30 ದಾಟಿ, ಹಾಗಾಗಿ 8.30, 9 ಗಂಟೆ ಆಗುತ್ತೆ. ಹೊರಗೆ ಬೆಂಕಿ ಹಚ್ಚೋದರಿಂದ ಶುರು, ಸ್ವೆಟರ್ ಸಾಲಲ್ಲ, ದಪ್ಪ ಕೋಟು ಹಾಕ್ಕೋ. 2027ರ ಈಸ್ಟರ್ ಮಾರ್ಚ್ 28. ಶನಿವಾರ ರಾತ್ರಿ ಕಳೆದು ಅವತ್ತಿನ ನಸುಕಿನ 1 ಗಂಟೆಗೆ ಗಡಿಯಾರ 2ಕ್ಕೆ ಹಾರುತ್ತೆ. ಫೋನ್ ತಾನೇ ಬದಲಾಯಿಸಿಕೊಳ್ಳುತ್ತೆ, ಗೋಡೆ ಗಡಿಯಾರವನ್ನು ಶನಿವಾರ ರಾತ್ರಿ ಮಲಗೋ ಮುಂಚೆ ಒಂದು ಗಂಟೆ ಮುಂದಕ್ಕೆ ತಿರುಗಿಸಿಡು.