ಥೀಸಿಸ್ ಶಾಲೆಗೆ ವಾಪಸ್ ಬರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಪಿಎಚ್‌ಡಿ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ವಿಷಯ ಶಿಕ್ಷಣಶಾಸ್ತ್ರ. ಕಾಫಿ ತೋಟದ ಕೂಲಿಕಾರರು ಇರುವ ಲೈನ್ ಮನೆಗಳ ಮಕ್ಕಳು ಕನ್ನಡ ಓದಲು ಹೇಗೆ ಕಲಿಯುತ್ತಾರೆ ಎಂಬುದರ ಮೇಲೆ ಆರು ವರ್ಷ ಕೆಲಸ ಮಾಡಿದೆ. ವೈವಾ ದಿನ ತುಂಬಾ ಖುಷಿಯಾಗಿತ್ತು. ಆಮೇಲೆ ಏನೋ ಖಾಲಿ ಖಾಲಿ. ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ‘ಮುಂದೇನು?’ ಅಂತ ಕೇಳುತ್ತಾರೆ. ಬೆಂಗಳೂರಿನ ಕಾಲೇಜುಗಳಿಗೆ ಅರ್ಜಿ ಹಾಕು ಎಂದು ಮಾವ ಹೇಳುತ್ತಿದ್ದಾರೆ. ನಾನು ಮೊದಲು ಪಾಠ ಮಾಡುತ್ತಿದ್ದ ಹೈಸ್ಕೂಲಿನ ಹೆಡ್‌ಮಾಸ್ಟರು ‘ಜಾಗ ಖಾಲಿ ಇದೆ, ಬನ್ನಿ’ ಎಂದಿದ್ದಾರೆ. ಮನಸ್ಸು ಅಲ್ಲಿಗೇ ಎಳೆಯುತ್ತದೆ. ಆದರೆ ಡಾಕ್ಟರೇಟ್ ಮಾಡಿ ಮತ್ತೆ ಅದೇ ಶಾಲೆಗೆ ಹೋದರೆ ಆರು ವರ್ಷ ದಂಡವಾದ ಹಾಗಲ್ಲವೇ?

– ಹೆಸರು ಬೇಡ ಎಂದಿರುವ ಓದುಗರು, ಪೊನ್ನಂಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ತಂಗಿ, ಮೊದಲು ಅಭಿನಂದನೆ. ಮನೆ, ಮಳೆ, ಬಸ್ಸು ಎಲ್ಲ ಸಂಭಾಳಿಸಿಕೊಂಡು ಪೊನ್ನಂಪೇಟೆ ಕಡೆಯಿಂದ ಓಡಾಡಿ ಪಿಎಚ್‌ಡಿ ಮುಗಿಸುವುದು ಸಣ್ಣ ಮಾತಲ್ಲ. ನಮ್ಮ ಕೊಡಗು ಜಿಲ್ಲೆಗೆ ಇವತ್ತಿಗೂ ರೈಲಿಲ್ಲ. ಒಂದು ಪುಸ್ತಕ ನೋಡಬೇಕೆಂದರೂ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಆ ಓಡಾಟ ಮಾಡಿದವರಿಗೇ ಅದರ ಕಷ್ಟ ಗೊತ್ತು.

ಖಾಲಿ ಖಾಲಿ ಅನ್ನಿಸುವುದಕ್ಕೆ ಹೆದರಬೇಡಿ. ಆರು ವರ್ಷ ಒಂದೇ ವಿಷಯವನ್ನು ತಲೆಯಲ್ಲಿಟ್ಟುಕೊಂಡು ಮಲಗಿ ಎದ್ದವರಿಗೆ ಅದು ಒಂದು ದಿನ ದಿಢೀರನೆ ಇಲ್ಲವಾದರೆ ಹಾಗೇ ಆಗುತ್ತದೆ. ಗೈಡ್ ಫೋನಿಲ್ಲ, ಪ್ರಗತಿ ವರದಿ ಇಲ್ಲ, ತಿದ್ದಬೇಕಾದ ಅಧ್ಯಾಯ ಇಲ್ಲ. ಸ್ವಲ್ಪ ದಿನ ಚೆನ್ನಾಗಿ ನಿದ್ದೆ ಮಾಡಿ. ಅಡಿಟಿಪ್ಪಣಿಗೆ ಬೇಕಾಗದ ಪುಸ್ತಕ ಯಾವುದಾದರೂ ಓದಿ. ಮದುವೆ ಮನೆಯವರಿಗೆ ನಕ್ಕು ಉತ್ತರ ಕೊಡಿ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಕೇಳಲು ಬೇರೆ ಪ್ರಶ್ನೆ ಇಲ್ಲ ಅಷ್ಟೆ.

ನಿಮ್ಮ ಮಾವ ಹೇಳುವುದರಲ್ಲೂ ನ್ಯಾಯ ಇದೆ. ಕಾಲೇಜು ಕೆಲಸದಲ್ಲಿ ಸಂಬಳ ಜಾಸ್ತಿ, ಗೌರವವೂ ಇದೆ. 2023ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನಿಯಮ ತಿದ್ದಿದ ಮೇಲೆ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು. ಆದರೂ ಪಿಎಚ್‌ಡಿ ಇದ್ದವರಿಗೆ ಅನುಕೂಲ ಇದ್ದೇ ಇದೆ. ಅರ್ಜಿ ಕರೆದಾಗ ಹಾಕಿ. ಬೇಡ ಎನ್ನಲು ನಾನು ಯಾರು?

ಆದರೆ ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಬೇಸರವಾಯಿತು, ಹೇಳಿಬಿಡುತ್ತೇನೆ. ಶಾಲೆಗೆ ವಾಪಸ್ ಹೋದರೆ ದಂಡ ಎಂದು ನಿಮಗೆ ಹೇಳಿಕೊಟ್ಟವರು ಯಾರು? ಆರು ವರ್ಷ ನೀವು ಕಿವಿಗೊಟ್ಟು ಕೇಳಿದ್ದು ಆ ಮಕ್ಕಳ ಓದನ್ನು. ನಿಮ್ಮ ಪ್ರಬಂಧದ ಒಂದೊಂದು ಕೋಷ್ಟಕವೂ ಅವರ ತೊದಲು ಮಾತಿನಿಂದ ಬಂದದ್ದು. ಅವರ ಹತ್ತಿರ ಹೋಗುವುದು ಕೆಳಗಿಳಿಯುವುದು ಹೇಗಾಗುತ್ತದೆ?

ನಮ್ಮ ಕೊಡಗಿಗೇ ಸಂಬಂಧಪಟ್ಟ ಒಂದು ಡಾಕ್ಟರೇಟಿನ ಕಥೆ ಹೇಳುತ್ತೇನೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರು. ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಬರೆದ ಪ್ರಬಂಧಕ್ಕೆ 1947ರಲ್ಲಿ ಆಕ್ಸ್‌ಫರ್ಡ್ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1952ರಲ್ಲಿ ಅದು ಪುಸ್ತಕವಾಯಿತು. ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರ ಅನುಸರಿಸುವುದನ್ನು ಸಂಸ್ಕೃತೀಕರಣ ಎಂದು ಇವತ್ತು ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಾರಲ್ಲ, ಆ ವಿಚಾರ ಬೆಳೆದದ್ದು ಇದೇ ಪುಸ್ತಕದಿಂದ. ಡಾಕ್ಟರೇಟ್ ಆದಮೇಲೆ ಅವರಿಗೆ ಆಕ್ಸ್‌ಫರ್ಡ್‌ನಲ್ಲೇ ಕೆಲಸವೂ ಸಿಕ್ಕಿತು. ಆದರೆ 1948ರಲ್ಲಿ ಅವರು ಇದ್ದದ್ದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ. ಊರಿನ ಯಜಮಾನರು ಎತ್ತು ಕಟ್ಟುವ ಮನೆಯಲ್ಲಿ ಅವರ ಬಿಡಾರ. ಪುಸ್ತಕದಲ್ಲಿ ಆ ಊರನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಸಿದ್ಧ ಮಾಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ಆ ಊರಿನ ಕಥೆಯನ್ನು ನೆನಪಿನಿಂದಲೇ ಬರೆದರು. ಹಾಗೆ ಬರೆಯಲು ಆದದ್ದು ಯಾಕೆ? ಪದವಿ ಸಿಕ್ಕಿದ ಮೇಲೂ ಹೋಗಿ ಜನರ ನಡುವೆ ಕೂತಿದ್ದಕ್ಕೆ. ಊರು ಅವರೊಳಗೆ ಇಳಿದಿತ್ತು.

‘ಮತ್ತೆ ಅದೇ ಜಾಗಕ್ಕಾ?’ ಎಂಬ ನಿಮ್ಮ ಪ್ರಶ್ನೆಗೆ ಎಚ್. ನರಸಿಂಹಯ್ಯನವರ ಬದುಕೇ ಉತ್ತರ. 1960ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಮುಗಿಸಿದರು. ಆ ಕಾಲದಲ್ಲಿ ಅಂಥ ಪದವಿ ಇದ್ದವರಿಗೆ ಅಮೆರಿಕದಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ವಾಪಸ್ ಬಂದರು, ಮೊದಲು ಪಾಠ ಮಾಡುತ್ತಿದ್ದ ಅದೇ ಕಾಲೇಜು. ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿದರು. ಬಾಗೇಪಲ್ಲಿಯಂಥ ಬರದ ಊರಿನ ಹುಡುಗರು ವಿಜ್ಞಾನ ಓದಿದರು. ಇದು ದಂಡವಾ, ನೀವೇ ಹೇಳಿ.

ಡಾಕ್ಟರೇಟ್ ಇಲ್ಲದವರ ಕೆಲಸವನ್ನೂ ನೋಡಬೇಕು. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಮನೆಮನೆಗೆ ಹೋಗಿ ಕೊಡವರ ಹಾಡು, ಪದ್ಧತಿ, ಗಾದೆ ಎಲ್ಲ ಬರೆದುಕೊಂಡರು. 1924ರಲ್ಲಿ ಅವರ ‘ಪಟ್ಟೋಲೆ ಪಳಮೆ’ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ನೂರು ವರ್ಷ ದಾಟಿತು, ಇವತ್ತಿಗೂ ಸುಗ್ಗಿ ಹಬ್ಬ ಪುತ್ತರಿ ಬಂದಾಗ ಹಾಡು ಮರೆತವರು ಆ ಪುಸ್ತಕ ತೆಗೆದು ನೋಡುತ್ತಾರೆ. ಹಾಡು ಯಾರ ಮನೆಯಿಂದ ಬಂತೋ ಅವರ ಮನೆಗೇ ಪುಸ್ತಕವಾಗಿ ಹೋಯಿತು. ನನಗೆ ಸಂಶೋಧನೆ ಎಂದರೆ ಇದು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಸಿದ್ದಾಪುರ ಕಡೆಯ ಶಾಲೆಗಳಿಗೆ ಹೋದಾಗಲೆಲ್ಲ ಮೇಷ್ಟ್ರುಗಳು ಒಂದು ಮಾತು ಹೇಳುತ್ತಾರೆ. ‘ಸಂಶೋಧನೆಗೆ ಅಂತ ಬರ್ತಾರೆ ಸಾರ್. ಪ್ರಶ್ನಾವಳಿ ತುಂಬಿಸಿಕೊಳ್ತಾರೆ. ಮಕ್ಕಳಿಗೆ ಪರೀಕ್ಷೆ ಕೊಡ್ತಾರೆ. ಹೋಗ್ತಾರೆ. ಆಮೇಲೆ ಪತ್ತೆ ಇಲ್ಲ.’ ಅವರೇ ಗುರುತು ಮಾಡಿ ಕೊಟ್ಟ ಮಕ್ಕಳು, ಅವರೇ ಬಿಟ್ಟುಕೊಟ್ಟ ಪಿರಿಯಡ್ಡು. ಏನು ಗೊತ್ತಾಯಿತು ಅಂತ ಅವರಿಗೆ ಒಂದು ಕಾಗದ ಕೂಡ ಬರುವುದಿಲ್ಲ. ಯುಜಿಸಿ ನಿಯಮದಲ್ಲಿ ಕೋರ್ಸ್‌ವರ್ಕ್ ಇದೆ, ಕೃತಿಚೌರ್ಯದ ತಪಾಸಣೆ ಇದೆ, ಪ್ರಬಂಧದ ಸಾಫ್ಟ್ ಕಾಪಿಯನ್ನು ಆನ್‌ಲೈನ್ ಪ್ರಬಂಧ ಭಂಡಾರ ‘ಶೋಧಗಂಗಾ’ಕ್ಕೆ ಕೊಡಬೇಕು ಎಂದಿದೆ. ಎಲ್ಲವೂ ಒಳ್ಳೆಯದೇ. ಶೋಧಗಂಗಾದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಆದರೆ ಇಂಗ್ಲಿಷಿನಲ್ಲಿರುವ ಮುನ್ನೂರು ಪುಟವನ್ನು ನಾಲ್ಕು ತರಗತಿಗೆ ಒಬ್ಬರೇ ಟೀಚರ್ ಆಗಿರುವವರು ಯಾವಾಗ ಓದುವುದು? ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಗೋದಾಮಿನಲ್ಲಿಟ್ಟು ಮರೆತ ಕಾಫಿಯ ಹಾಗಾಗಿದೆ ನಮ್ಮ ಶಿಕ್ಷಣ ಸಂಶೋಧನೆ.

ನಿಮ್ಮ ವಿಷಯವಂತೂ ಇಲ್ಲಿ ತುರ್ತಾಗಿ ಬೇಕಾದದ್ದು. ಒಂದು ಲೈನ್ ಮನೆ ಸಾಲಿನಲ್ಲಿ ಎಷ್ಟು ಭಾಷೆ ಕೇಳಿಸುತ್ತದೆ ನಿಮಗೇ ಗೊತ್ತು. ಎರವರ ಮಾತು, ಜೇನುಕುರುಬರ ಮಾತು, ತಮಿಳು, ಮಲಯಾಳ, ಈಗ ಅಸ್ಸಾಂ, ಬಂಗಾಳದಿಂದ ಬಂದವರ ಮಾತು. ತೋಟದ ಯಜಮಾನರ ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ. ಮಗು ಶಾಲೆಗೆ ಬಂದು ಮೊದಲ ಸಲ ಕನ್ನಡ ಪುಸ್ತಕ ತೆರೆಯುತ್ತದೆ. ಬಾಯಿ ಬಿಡುವುದಿಲ್ಲ. ‘ಮಂದ’ ಎಂದು ಬರೆದುಬಿಡುತ್ತಾರೆ. ಆ ಮಗು ಮನೆಗೆ ಹೋಗಿ ತನ್ನ ಮಾತಿನಲ್ಲಿ ಅಜ್ಜಿಗೆ ಇಡೀ ದಿನದ ಕಥೆ ಹೇಳುತ್ತದೆ. ಆ ಮಗುವಿಗೆ ಮಾತು ಬರುತ್ತದೆ, ಕನ್ನಡ ಇನ್ನೂ ಬಂದಿಲ್ಲ ಅಷ್ಟೆ. ಇವೆರಡೂ ಬೇರೆ ಬೇರೆ ಎಂದು ಆ ಟೀಚರಿಗೆ ಕೂತು ಹೇಳುವವರು ಬೇಕು. ಡಾಕ್ಟರೇಟ್ ಇರುವ ನೀವು ಹೇಳಿದರೆ ಕೇಳುತ್ತಾರೆ. ಅದೇ ಸ್ಟಾಫ್ ರೂಮಿನಲ್ಲಿ ಕೂತು ಹೇಳಿದರೆ ಇನ್ನೂ ಚೆನ್ನಾಗಿ ಕೇಳುತ್ತಾರೆ.

ಹಾಜರಿ ವಿಷಯ ಇನ್ನೊಂದು. ಜುಲೈಯಲ್ಲಿ ಮಳೆ ಜೋರಾಯಿತೆಂದರೆ ಡಿ.ಸಿ. ರಜೆ ಕೊಡುತ್ತಾರೆ, ಕೊಡಲೇಬೇಕು. ಜನವರಿಯಿಂದ ರೋಬಸ್ಟಾ ಕೊಯ್ಲು. ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದರೆ ಮಗುವೂ ಹೋಗುತ್ತದೆ, ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ. ವರ್ಷದ ಎರಡೂ ತುದಿಯಲ್ಲಿ ಪಾಠ ತಪ್ಪಿದ ಮಗು ಓದುವುದನ್ನು ಯಾವಾಗ ಕಲಿಯಬೇಕು? ಬೆಂಗಳೂರಿನಲ್ಲಿ ತಯಾರಾಗುವ ವೇಳಾಪಟ್ಟಿಗೆ ನಮ್ಮ ಮಳೆಯೂ ಗೊತ್ತಿಲ್ಲ, ನಮ್ಮ ಕೊಯ್ಲೂ ಗೊತ್ತಿಲ್ಲ.

ಶಾಲೆಯೊಳಗಿಂದಲೇ ದೊಡ್ಡದು ಹುಟ್ಟಬಹುದು ಎನ್ನುವುದಕ್ಕೆ ಸಾಕ್ಷಿ ನಾಗರಹೊಳೆ ಕಾಡಿನ ಆಚೆಗೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಎಂಬ ಕಲಿಕೆ ಪದ್ಧತಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿಬಂದ ಸರ್ಕಾರಿ ಶಾಲೆ ಶಿಕ್ಷಕರು ಕೂತು ಕಾರ್ಡು, ಹಾಡು, ಕಲಿಕೆಯ ಏಣಿ ಮಾಡಿದರು. ಯುನಿಸೆಫ್ ಜೊತೆಗಿತ್ತು. ಅ ಆ ಇ ಈ ಎಂದು ಬಾಯಿಪಾಠ ಮಾಡಿಸುವುದನ್ನು ಬಿಟ್ಟು ರ ಗ ಸ ದ ಅ ಎಂದು ಶುರು ಮಾಡಿದರು. ಬರೆಯಲು ಸುಲಭ, ಕಲಿತ ಕೂಡಲೇ ‘ಸರ’, ‘ಅರಸ’, ‘ದರ’ ಎಂದು ಪದ ಕಟ್ಟಬಹುದು. ಹಳಬರು ಬೈದರು. ಮಕ್ಕಳು ಓದಿದರು. ಆಮೇಲೆ ಅದು ರಾಜ್ಯದ ಒಂದರಿಂದ ಮೂರನೇ ತರಗತಿವರೆಗೆ ಹಬ್ಬಿತು. ಕಾಡಂಚಿನ ಒಂದು ತಾಲ್ಲೂಕಿನ ಮೇಷ್ಟ್ರುಗಳು ಇದನ್ನು ಮಾಡಿದರು. ಅವರ ಜೊತೆಗೆ ನಿಮ್ಮಂತೆ ಆರು ವರ್ಷ ಮಕ್ಕಳ ಓದನ್ನೇ ಗಮನಿಸಿದವರು ಒಬ್ಬರು ಕೂತರೆ ಏನೆಲ್ಲ ಆಗಬಹುದು!

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಜೀನ್ ಪಿಯಾಜೆ ಹೆಸರು ನಿಮಗೆ ಬಿಎಡ್‌ನಿಂದಲೂ ಪರಿಚಯ. ಅವರ ಡಾಕ್ಟರೇಟ್ ಬಸವನಹುಳು ಜಾತಿಯ ಜೀವಿಗಳ ಮೇಲೆ, 1918ರಲ್ಲಿ. ಮಕ್ಕಳ ಬಗ್ಗೆ ಅಲ್ಲವೇ ಅಲ್ಲ. ಅದು ಮುಗಿದ ಸ್ವಲ್ಪ ಕಾಲಕ್ಕೆ ಪ್ಯಾರಿಸ್‌ನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆ ಕೊಡುವ ಕೆಲಸ ಸಿಕ್ಕಿತು. ಮಕ್ಕಳು ತಪ್ಪು ಉತ್ತರ ಯಾಕೆ ಕೊಡುತ್ತಾರೆ ಎಂದು ಕೇಳುತ್ತಾ ಕೂತರು. ಮುಂದಿನ ಜೀವಮಾನದ ಕೆಲಸ ಅಲ್ಲಿಂದ ಶುರುವಾಯಿತು.

ಕಾಲೇಜುಗಳ ಬಗ್ಗೆಯೂ ಒಂದು ಮಾತು ಎಚ್ಚರಿಕೆಗೆ. ನನಗೆ ಗೊತ್ತಿರುವ ಒಂದು ಖಾಸಗಿ ಬಿಎಡ್ ಕಾಲೇಜು ಪಿಎಚ್‌ಡಿ ಇದ್ದವರ ಹೆಸರನ್ನು ತಪಾಸಣೆಗೆ ಮಾತ್ರ ಬಳಸಿಕೊಂಡಿತು. ಪಾಠ ಕೊಡಲಿಲ್ಲ, ಸಂಬಳ ಸರಿಯಾಗಿ ಕೊಡಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿದ್ದವರು ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಬೀದಿಗಿಳಿದದ್ದು ನೆನಪಿದೆಯಲ್ಲ. ಇನ್ನು ನಮ್ಮದೇ ಕೊಡಗು ವಿಶ್ವವಿದ್ಯಾಲಯ. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾಯಿತು, ಜಿಲ್ಲೆಯ ಜನ ಎಷ್ಟು ಆಸೆಪಟ್ಟರು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಪಟ್ಟಿಯಲ್ಲಿ ನಮ್ಮದೂ ಇತ್ತು. ದುಡ್ಡಿಲ್ಲ ಎಂದರು. ಕೊಡಗಿನ ಕಾಫಿಗೆ, ಕೊಡಗಿನ ಹೋಂಸ್ಟೇಗೆ, ವಾರಾಂತ್ಯಕ್ಕೆ ಬರುವ ಕಾರುಗಳಿಗೆ ಎಲ್ಲರ ಹತ್ತಿರವೂ ದುಡ್ಡಿದೆ. ಕೊಡಗಿನ ಮಕ್ಕಳ ಓದಿಗೆ ಇಲ್ಲ. ಇದನ್ನು ಗಟ್ಟಿಯಾಗಿ ಕೇಳಬೇಕಾದವರು ನಿಮ್ಮಂಥ ಓದಿದವರು. ಓದಿದವರೆಲ್ಲ ಬಸ್ ಹತ್ತಿದರೆ ಇಲ್ಲಿ ಕೇಳುವವರು ಯಾರು ಉಳಿದರು?

ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಬರುತ್ತೇನೆ ಎನ್ನಿ. ಒಂದು ವರ್ಷ ಪಾಠ ಮಾಡಿ. ಪದವಿ ಎಲ್ಲಿಗೂ ಓಡಿಹೋಗುವುದಿಲ್ಲ, ಅರ್ಜಿ ಮುಂದಿನ ವರ್ಷವೂ ಹಾಕಬಹುದು, ಮಾವನಿಗೆ ಹಾಗೇ ಹೇಳಿ. ಕೂಡಿಗೆಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಡಯಟ್‌ಗೆ ಹೋಗಿ ನಿಮ್ಮ ಪ್ರಬಂಧದ ಫಲಿತಾಂಶ ಹೇಳಲು ಅರ್ಧ ದಿನ ಕೇಳಿ. ಕ್ಲಸ್ಟರ್ ಸಭೆಯಲ್ಲಿ ಶಿಕ್ಷಕರ ಮುಂದೆ ಮಾತಾಡಿ. ನೀವು ಪರೀಕ್ಷೆ ಕೊಟ್ಟ ಶಾಲೆಗಳಿಗೆಲ್ಲ ಒಂದೊಂದು ಸಲ ಹೋಗಿ, ನಿಮ್ಮ ಮಕ್ಕಳಿಂದ ನನಗೆ ಗೊತ್ತಾದದ್ದು ಇದು ಎಂದು ಹೇಳಿ ಬನ್ನಿ.

ಮತ್ತೆ ನಮಗೆ ಬರೆಯಿರಿ. ಮುಂದಿನ ಸಂಚಿಕೆಯಿಂದ ನಿಮಗೆ ಎರಡು ಪುಟ ಮೀಸಲಿಡುತ್ತೇವೆ. ಒಂದೊಂದು ಕಂತಿನಲ್ಲಿ ಪ್ರಬಂಧದ ಒಂದೊಂದು ಅಧ್ಯಾಯ, ಟೀಚರಿಗೂ ಅರ್ಥವಾಗುವ, ಓದು ಬರುವ ಅಮ್ಮನಿಗೂ ಅರ್ಥವಾಗುವ ಕನ್ನಡದಲ್ಲಿ. ಮೊದಲ ಕಂತು ಇಪ್ಪತ್ತನೇ ತಾರೀಖಿನೊಳಗೆ ಕೈಸೇರಲಿ. ಹೆಸರು ಹಾಕಲು ಈ ಸಲ ಒಪ್ಪಿಕೊಳ್ಳಿ, ಹೆಸರಿನ ಮುಂದೆ ‘ಡಾ.’ ಎಂದು ಸೇರಿಸಿಯೇ ಹಾಕುತ್ತೇವೆ.