ಐದನೇ ಪುಟ ಮಾತ್ರ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ

ಪ್ರಿಯ ಗೆಳೆಯರೇ,

ನೀವು ಚಿತ್ರದುರ್ಗದಿಂದ ಕಳಿಸಿದ ‘ಡೈನೋಸಾರ್‌ಗಳನ್ನು ಕೊಂದವರು ಯಾರು?’ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ. ಇದ್ದ ಹಾಗೇ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ, ವಾಪಸ್ ಕಳಿಸುತ್ತಿದ್ದೇನೆ. ಐದನೇ ಪುಟ ಮಾತ್ರ ನನ್ನ ಮೇಜಿನ ಮೇಲೇ ಇದೆ. ಅದನ್ನು ಕೊಡಲು ಮನಸ್ಸು ಬರಲಿಲ್ಲ.

ಮೊದಲ ನಾಲ್ಕು ಪುಟ ಹೊಡೆದುಹಾಕಿ. ‘ಸೃಷ್ಟಿಯ ಆದಿಯಿಂದಲೂ ಮಾನವ ಕುತೂಹಲಿ’ ಅಂತ ಶುರು ಮಾಡಿದ್ದೀರಿ. ಮಾನವನಿಗೆ ಕುತೂಹಲ ಇರಬಹುದು, ಓದುಗನಿಗೆ ಮೂರನೇ ಸಾಲಿಗೇ ಹೋಗಿಬಿಡುತ್ತದೆ. ಇಸ್ಕೂಲಿನ ಪ್ರಬಂಧದ ಈ ಚಾಳಿ ನನಗೂ ಬಹಳ ವರ್ಷ ಇತ್ತು.

ಈಗ ಐದನೇ ಪುಟ. ದಾವಣಗೆರೆಯ ಮಂಡಕ್ಕಿ ಅಂಗಡಿ. ಹೊರಗೆ ಮಳೆ, ಒಳಗೆ ಬೆಂಚಿನ ಮೇಲೆ ನಾಲ್ಕು ಜನ, ಮುಂದೆ ನರ್ಗಿಸ್ ಮಂಡಕ್ಕಿ, ಬಿಸಿ ಮಿರ್ಚಿ. ಗೋಡೆಯ ಟಿವಿಯಲ್ಲಿ ಡೈನೋಸಾರ್ ಓಡಾಡುತ್ತಿದೆ. ‘ಇವೆಲ್ಲ ಹೆಂಗ್ ಸತ್ವು?’ ಅಂತ ನೀವು ಕೇಳುತ್ತೀರಿ. ಮುಚ್ಚಿದ ಕಾಟನ್ ಮಿಲ್ಲಿನ ಹಳೆಯ ಕೆಲಸಗಾರರು ಹೇಳುತ್ತಾರೆ: ‘ದೊಡ್ಡದಾಗಿ ಬೆಳಿಬಾರ್ದು ಕಣ್ರೀ. ಅಷ್ಟು ದೊಡ್ಡ ಹೊಟ್ಟೆಗೆ ಮಾಲು ಎಲ್ಲಿಂದ ತರ್ತೀರಿ? ಮಾಲು ನಿಂತ್ರೆ ಮುಗೀತು.’ ಮೆಕ್ಕೆಜೋಳದ ವ್ಯಾಪಾರಿ ಒಪ್ಪುವುದಿಲ್ಲ. ಇಲಿಗಳು ಮೊಟ್ಟೆ ತಿಂದವು ಅನ್ನುವುದು ಅವರ ವಾದ. ಮೂರನೆಯವರು ಮಿರ್ಚಿ ಮುಟ್ಟದೆ ಬರೀ ಚಹಾ ಕುಡಿಯುತ್ತಿರುವವರು. ಗಿಡಗಳು ಬದಲಾದವು, ತಿಂದದ್ದು ಜೀರ್ಣ ಆಗಲಿಲ್ಲ, ಮಲಬದ್ಧತೆಯಿಂದಲೇ ಸತ್ತವು ಅನ್ನುತ್ತಾರೆ. ಮೂಲೆಯಲ್ಲಿ ಮೆಡಿಕಲ್ ಪರೀಕ್ಷೆಗೆ ಓದುತ್ತಿರುವ ಹುಡುಗ ಮೊಬೈಲಿಂದ ತಲೆ ಎತ್ತದೆ, ‘ಕ್ಷುದ್ರಗ್ರಹ. ಆಪ್ಷನ್ ಸಿ’ ಅನ್ನುತ್ತಾನೆ.

ಎಷ್ಟು ಚೆನ್ನಾಗಿದೆ ಇದು! ಆದರೆ ಕೆಳಗೆ ಏನು ಬರೆದಿರಿ? ‘ಹೀಗೆ ಜನಸಾಮಾನ್ಯರಲ್ಲಿ ಹಲವು ತಪ್ಪು ಕಲ್ಪನೆಗಳಿವೆ.’ ಅಷ್ಟೇ. ಎದ್ದು ಹೋಗಿಬಿಟ್ಟಿರಿ. ಮಿಲ್ಲಿನವರು ಮಿಲ್ಲಿನ ಕಥೆ ಹೇಳುತ್ತಿದ್ದರು, ಜೋಳದವರು ಗೋದಾಮಿನ ಇಲಿಗಳ ಕಥೆ, ಚಹಾದವರು ತಮ್ಮ ಹೊಟ್ಟೆಯ ಕಥೆ. ಪಕ್ಕದಲ್ಲೇ ಕೂತು ಕೇಳಿದವರಿಗೆ ಇದು ಹೊಳೆಯಲಿಲ್ವಾ?

ಇದು ಜನಸಾಮಾನ್ಯರ ರೋಗ ಅಂತ ಮೂಗು ಮುರಿಯಬೇಡಿ. 1962ರಲ್ಲಿ ಒಬ್ಬ ಕೀಟತಜ್ಞರು, ಕಂಬಳಿಹುಳುಗಳು ಜಾಸ್ತಿಯಾಗಿ ಎಲೆಯೆಲ್ಲ ತಿಂದು ಡೈನೋಸಾರ್‌ಗಳನ್ನು ಉಪವಾಸ ಕೆಡವಿರಬಹುದು ಅಂತ ಬರೆದಿದ್ದರು. ಕೀಟತಜ್ಞರಿಗೆ ಕೀಟವೇ ಕಂಡಿತು. ಕಣ್ಣಿಗೆ ಪೊರೆ ಬಂದು ಸತ್ತವು ಅಂದವರೂ ಇದ್ದಾರೆ.

ಹಾಗಂತ ನಾಲ್ಕೂ ಮಾತನ್ನು ಒಂದೇ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ನೀವು ಆರರಿಂದ ಎಂಟನೇ ಪುಟದವರೆಗೆ ಮಾಡಿದ್ದು ಅದನ್ನೇ. ಒಂಬತ್ತು ಸಿದ್ಧಾಂತಗಳನ್ನು ರೇಷನ್ ಅಂಗಡಿ ಕ್ಯೂನಲ್ಲಿ ನಿಲ್ಲಿಸಿ, ಕೊನೆಗೆ ‘ಎಲ್ಲವೂ ಸಾಧ್ಯ’ ಅಂದಿರಿ. ಒಬ್ಬೊಬ್ಬರನ್ನೂ ಒಂದು ಪ್ರಶ್ನೆ ಕೇಳಿ ಸಾಕು: ಆಗ ಇನ್ನೇನೇನು ಸತ್ತಿತು, ಏನು ಉಳಿಯಿತು?

6.6 ಕೋಟಿ ವರ್ಷದ ಹಿಂದೆ ಡೈನೋಸಾರ್ ಜೊತೆ ಆಗಿನ ಜೀವಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಳಿದವು. ಸಮುದ್ರದಲ್ಲಿ ಸುರುಳಿ ಚಿಪ್ಪಿನ ಅಮೋನೈಟ್‌ಗಳು ಹೋದವು. ಕಣ್ಣಿಗೆ ಕಾಣದ ತೇಲುಜೀವಿಗಳಲ್ಲೂ ಬಹುಪಾಲು ಹೋದವು. ಆಮೆ, ಕಪ್ಪೆ, ಮೊಸಳೆ ಉಳಿದವು. ಡೈನೋಸಾರ್‌ಗಳದ್ದೇ ಒಂದು ಕವಲಾದ ಹಕ್ಕಿಗಳೂ ಉಳಿದವು. (ಮೂರನೇ ಪುಟದಲ್ಲಿ ‘ಒಂದೂ ಉಳಿಯಲಿಲ್ಲ’ ಅಂದಿದ್ದೀರಿ. ಕೋಳಿಗೆ ಏನು ಹೇಳೋಣ?) ಈಗ ಚಹಾದವರ ಮಲಬದ್ಧತೆ ನೋಡಿ. ಅಮೋನೈಟ್ ಎಲ್ಲಿ ಸೊಪ್ಪು ತಿನ್ನುತ್ತಿತ್ತು? ಬದಲಾದ ಗಿಡ ಅಂದರೆ ಹೂ ಬಿಡುವ ಗಿಡಗಳು, ಅವಂತೂ ಅದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಬಂದಿದ್ದವು.

ಮೊಟ್ಟೆ ಕಳ್ಳರ ವಿಷಯಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಗುಜರಾತಿನಲ್ಲಿ ಡೈನೋಸಾರ್ ಗೂಡಿನೊಳಗೆ ಒಂದು ಹಾವಿನ ಪಳೆಯುಳಿಕೆ ಸಿಕ್ಕಿತು. ಹಾವು ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿದೆ, ಪಕ್ಕದಲ್ಲೇ ಆಗ ತಾನೇ ಹುಟ್ಟಿದ ಮರಿ. ಮರಿ ನುಂಗಲು ಬಂದ ಹಾವು ಮರಿಯ ಜೊತೆಗೇ ಮಣ್ಣಲ್ಲಿ ಹೂತುಹೋಗಿದೆ. 2010ರಲ್ಲಿ ವಿಜ್ಞಾನಿಗಳು ಅದಕ್ಕೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಅಂದರೆ ಕಳ್ಳತನ ನಿಜ. ಆದರೆ ಕೋಟ್ಯಂತರ ವರ್ಷ ಕಳ್ಳರ ಜೊತೆಗೇ ಬದುಕಿದ ಕುಲ ಒಮ್ಮೆಲೇ ಕಳ್ಳರಿಂದ ಅಳಿಯಿತು ಅನ್ನುವುದು ಕಷ್ಟ. ಇಂಥದ್ದು ಇಲ್ಲೇ ಇರುವಾಗ ನಿಮ್ಮ ಲೇಖನದ ತುಂಬ ಟಿ-ರೆಕ್ಸ್ ಯಾಕೆ? ಅದು ಉತ್ತರ ಅಮೆರಿಕದ್ದು. ನರ್ಮದಾ ತೀರದಲ್ಲಿ ನಮ್ಮದೇ ರಾಜಾಸಾರಸ್ ಇದ್ದ.

ಹುಡುಗನ ಉತ್ತರ ಸರಿ. ಯಾಕೆ ಸರಿ ಅಂತ ಅವನಿಗೆ ಗೊತ್ತಿಲ್ಲ, ನೀವೂ ಹೇಳಲಿಲ್ಲ. ಇಲ್ಲಿ ಒಂದೂವರೆ ಪುಟ ಧಾರಾಳವಾಗಿ ಬರೆಯಿರಿ. ಇಟಲಿಯ ಗುಬ್ಬಿಯೋ ಹತ್ತಿರ ಸುಣ್ಣಕಲ್ಲಿನ ಪದರಗಳ ನಡುವೆ ಬೆರಳಗಲದ ಒಂದು ಜೇಡಿಮಣ್ಣಿನ ಪಟ್ಟಿ. ಅದರ ಕೆಳಗೆ ಡೈನೋಸಾರ್ ಕಾಲ, ಮೇಲೆ ಡೈನೋಸಾರ್ ಇಲ್ಲದ ಕಾಲ. ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್‌ಗೆ ಬೇಕಿದ್ದದ್ದು ಇಷ್ಟೇ: ಈ ಪಟ್ಟಿ ಕೂರಲು ಎಷ್ಟು ವರ್ಷ ಹಿಡಿಯಿತು? ಅಪ್ಪ ಲೂಯಿಸ್ ಭೌತವಿಜ್ಞಾನಿ, 1968ರ ನೊಬೆಲ್ ಪಡೆದವರು. ಬಾಹ್ಯಾಕಾಶದ ಧೂಳಿನ ಜೊತೆ ಒಂದೇ ಸಮ ಬೀಳುವ ಇರಿಡಿಯಂ ಲೋಹವನ್ನು ಅಳೆದರೆ ಲೆಕ್ಕ ಸಿಗುತ್ತದೆ ಅಂದರು. ಅಳೆದರೆ ನಿರೀಕ್ಷೆಗಿಂತ ಎಷ್ಟೋ ಪಟ್ಟು ಜಾಸ್ತಿ! ಅಷ್ಟೊಂದು ಬಾಹ್ಯಾಕಾಶದಿಂದಲೇ ಬಂದಿರಬೇಕು. ಕಾಲ ಅಳೆಯಲು ಹೋದವರ ಕೈಗೆ ಕೊಲೆಯ ಸುಳಿವು ಸಿಕ್ಕಿತ್ತು.

ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ಇಷ್ಟ. ಹತ್ತಿರದ ನಕ್ಷತ್ರವೊಂದು ಸಿಡಿದದ್ದಾದರೆ ಮಣ್ಣಲ್ಲಿ ಪ್ಲುಟೋನಿಯಂ-244 ಇರಬೇಕಿತ್ತು. ಹುಡುಕಿದರು. ಮೊದಲ ಸಲ ಸಿಕ್ಕ ಹಾಗೇ ಕಂಡಿತು. ಊರಿಗೆಲ್ಲ ಡಂಗುರ ಸಾರಬಹುದಿತ್ತು, ಅಲ್ವಾ? ಸಾರಲಿಲ್ಲ. ಹೊಸ ಮಣ್ಣು ತಂದು ಮೊದಲಿಂದ ಪರೀಕ್ಷೆ ಮಾಡಿದರು. ಇಲ್ಲ. ಆ ಸಿದ್ಧಾಂತವನ್ನು ತಾವೇ ಕೈಬಿಟ್ಟು, 1980ರಲ್ಲಿ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ, ಅಂದರೆ ಬಾಹ್ಯಾಕಾಶದ ಬಂಡೆ, ಬಂದು ಗುದ್ದಿತು ಅನ್ನುವ ಮಾತನ್ನು ಮುಂದಿಟ್ಟರು. ಗುಂಡಿ ಎಲ್ಲಿ ಅಂತ ಜನ ಕೇಳುತ್ತಲೇ ಇದ್ದರು. ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಹೂತಿರುವ ಗುಂಡಿಯೇ ಅದು ಅನ್ನುವುದು 1991ರ ಹೊತ್ತಿಗೆ ನಿಕ್ಕಿಯಾಯಿತು. ಅಗಲ ಸುಮಾರು 180 ಕಿ.ಮೀ., ಹೆಚ್ಚುಕಡಿಮೆ ನಿಮ್ಮ ದುರ್ಗದಿಂದ ಬೆಂಗಳೂರಿಗೆ ಇರುವಷ್ಟು.

ಈಗ ನಿಮಗೆ ಬೇಸರ ಆಗುವ ಮಾತು. ಒಂಬತ್ತರಿಂದ ಹನ್ನೆರಡನೇ ಪುಟದಲ್ಲಿ ನಿಮ್ಮದೇ ಸಿದ್ಧಾಂತ ಇದೆ: ದಖನ್ನಿನ ಜ್ವಾಲಾಮುಖಿಗಳೇ ಕೊಂದವು, ಅದರ ಲಾವಾನೇ ದುರ್ಗದ ಕೋಟೆ ಬೆಟ್ಟ. ಮೊದಲ ಅರ್ಧಕ್ಕೆ ಮರ್ಯಾದೆ ಇದೆ. ಆ ಲಾವಾ ಈಗಲೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲ ಮುಚ್ಚಿದೆ. ಕ್ಷುದ್ರಗ್ರಹ ಬೀಳುವ ಮೊದಲೇ ಉಕ್ಕಲು ಶುರುವಾಗಿ ಆಮೇಲೂ ಉಕ್ಕಿತು. ಸಾವಿನಲ್ಲಿ ಅದರ ಪಾಲು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಾರೆ. ಆದರೆ ನಮ್ಮ ರಾಜ್ಯದಲ್ಲಿ ಅದು ಸಿಗುವುದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ. ದುರ್ಗದ ಬೆಟ್ಟ ಗ್ರಾನೈಟು, ನೆಲದೊಳಗೆ ನಿಧಾನಕ್ಕೆ ಆರಿದ ಕಲ್ಲು. ಡೈನೋಸಾರ್‌ಗಿಂತ ನೂರಾರು ಕೋಟಿ ವರ್ಷ ಹಿರಿಯದು. ಮಿಲ್ಲಿನವರು ಮಿಲ್ಲಿನ ಕಥೆ ಹೇಳಿದ ಹಾಗೆ ನೀವೂ ನಿಮ್ಮ ಊರಿನ ಕಥೆ ಹೇಳಿದಿರಿ, ಅಷ್ಟೇ. ನಾಚಿಕೆ ಬೇಡ. ಹಿಂದೆ ನಾನೂ ದುಂಡಗಿನ ಬಂಡೆಯ ಚಿತ್ರವೊಂದನ್ನು ‘ಡೈನೋಸಾರ್ ಮೊಟ್ಟೆಯೇ?’ ಅಂತ ಹಾಕಿಬಿಟ್ಟಿದ್ದೆ. ಒಬ್ಬ ಓದುಗರಿಂದ ಕಾರ್ಡು ಬಂತು: ‘ಗ್ರಾನೈಟ್ ಮೊಟ್ಟೆ ಇಡುವುದಿಲ್ಲ ಸ್ವಾಮಿ.’

ನಿಮಗೆ ಲಾವಾನೇ ಬೇಕು ಅಂದರೆ ಊರಿನ ಪಕ್ಕದ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಯಾಣ ಮಂಟಪದ ಮೂಲೆಯಲ್ಲಿ ದಿಂಬು ಒಟ್ಟಿದ ಹಾಗೆ ಒಂದರ ಮೇಲೊಂದು ದುಂಡು ಕಲ್ಲುಗಳು. ಮಿರ್ಚಿ ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಮೇಲ್ಗಡೆ ಗಟ್ಟಿಯಾಗಿ ಒಳಗೆ ಮೆತ್ತಗೇ ಇರುತ್ತದಲ್ಲ, ಹಾಗೆ ಲಾವಾ ನೀರಿನೊಳಗೆ ಉಕ್ಕಿ ಮೇಲ್ಮೈ ಥಟ್ಟನೆ ಆರಿದೆ. ಅಂದರೆ ದುರ್ಗದ ಆ ಬಿಸಿಲಿನ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು! ಸುಮಾರು 250 ಕೋಟಿ ವರ್ಷದ ಹಿಂದೆ. ಇದನ್ನು ಬೇರೆ ಲೇಖನ ಮಾಡಿ, ಡೈನೋಸಾರ್ ಬಾಲಕ್ಕೆ ಕಟ್ಟಬೇಡಿ.

ಇನ್ನು ಸಣ್ಣಪುಟ್ಟದ್ದು. ಮೂರನೇ ಪುಟದಲ್ಲಿ ‘ಆರೂವರೆ ಲಕ್ಷ ವರ್ಷ’ ಅಂತಿದೆ, ಲಕ್ಷ ಅಲ್ಲ ಕೋಟಿ, ಅದೂ 6.6 ಕೋಟಿ. ಹದಿಮೂರನೇ ಪುಟದ ಪದ್ಯ ಬೇಡ.

ಮತ್ತೆ ಬರೆಯುವ ಮೊದಲು ಆ ಮಂಡಕ್ಕಿ ಅಂಗಡಿಗೆ ಹೋಗಿ. ಮಿಲ್ಲಿನವರನ್ನು ಹುಡುಕಿ. ಕ್ಷುದ್ರಗ್ರಹ ಬಿದ್ದಾಗ ಎದ್ದ ಧೂಳು, ಮಸಿ, ಗಂಧಕ ಸೂರ್ಯನ ಬೆಳಕು ಮುಚ್ಚಿದವು. ಗಿಡ ಒಣಗಿತು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ನೆಲದ ಮೇಲೆ ಸುಮಾರು 25 ಕಿಲೋಗಿಂತ ಭಾರದ ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ಯಾವುದೂ ಉಳಿಯಲಿಲ್ಲ. ಅಷ್ಟು ದೊಡ್ಡವುಗಳಲ್ಲಿ ತಿಂಗಳುಗಟ್ಟಲೆ ಊಟ ಇಲ್ಲದೆ ಇರಬಲ್ಲ ಮೊಸಳೆಯಂಥವು ಮಾತ್ರ ಬಚಾವಾದವು. ಗುದ್ದಿದ್ದು ಯಾರು ಅನ್ನುವುದು ಮಿಲ್ಲಿನವರಿಗೆ ಗೊತ್ತಿರಲಿಲ್ಲ, ಮಾಲು ನಿಂತದ್ದು ಗೊತ್ತಿತ್ತು. ಇದನ್ನು ಅವರಿಗೆ ಹೇಳಿ. ಅವರು ಏನನ್ನುತ್ತಾರೋ ಅದನ್ನು ಅವರ ಮಾತಲ್ಲೇ ಬರೆದುಕೊಂಡು ಬನ್ನಿ, ಲೇಖನ ಅಲ್ಲಿಗೆ ನಿಲ್ಲಲಿ. ಆರು ಪುಟ ಸಾಕು.

ನಿಮ್ಮ,
ಸಂಪಾದಕ
ದಾವಣಗೆರೆ