ತಲೆಗೆ ಬಿದ್ದ ಪೆಟ್ಟು, ತಲೆಯೊಳಗೆ ಕೂತ ಭಯ

ನನ್ನ ಬಳಿ ಚಿಕಿತ್ಸೆಗೆ ಬಂದ ಒಬ್ಬರ ಕತೆ ಇದು. ಗುರುತು ಸಿಗಬಾರದೆಂದು ಅವರ ಊರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಕರಾವಳಿಯವರು, ವಯಸ್ಸು ಮೂವತ್ತು ದಾಟಿದೆ. ಶಾಲೆಗೆ ಹೋಗುವಾಗಿನಿಂದ ಕಬಡ್ಡಿ. ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಹೊನಲು ಬೆಳಕಿನ ಪಂದ್ಯಾಟ. ಕಾರ್ನರ್‌ನಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವುದು ಇವರ ಕೆಲಸ. ಮಂಡಿ, ಹಿಮ್ಮಡಿ ತಲೆಗೆ ಬಡಿಯುವ ಜಾಗವೂ ಅದೇ. ಕಣ್ಣು ಕತ್ತಲಿಟ್ಟದ್ದು ಎಷ್ಟು ಸಲವೋ. ಪ್ರತಿ ಸಲ ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಅಂಕಣಕ್ಕೆ ಇಳಿದಿದ್ದಾರೆ.

ಕರೆತಂದದ್ದು ಹೆಂಡತಿ.

"ಎಂತ ಇಲ್ಲ ಮೇಡಂ, ಸಣ್ಣ ತಲೆನೋವು ಅಷ್ಟೆ."

"ಎಂತ ಇಲ್ವಾ? ಗ್ಯಾಸ್ ಆಫ್ ಮಾಡ್ಲಿಕ್ಕೆ ನೆನಪಿರುದಿಲ್ಲ. ಮಗು ಅತ್ತರೆ ಬಾಗಿಲಿಗೆ ಒದೀತಾರೆ. ರಾತ್ರಿ ಮೂರು ಗಂಟೆಗೂ ಮೊಬೈಲ್."

ಮೊಬೈಲಿನಲ್ಲಿ ಓದುತ್ತಿದ್ದದ್ದು ಸಿಟಿಇ ಬಗ್ಗೆ. ತಲೆಗೆ ವರ್ಷಗಟ್ಟಲೆ ಪೆಟ್ಟು ತಿಂದ ಕೆಲವರ ಮೆದುಳಿನಲ್ಲಿ ಟೌ ಎಂಬ ಪ್ರೋಟೀನ್ ಗಂಟುಗಟ್ಟುವ ಕಾಯಿಲೆ ಅದು. ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ಅವರ ಮೆದುಳಿನಲ್ಲಿ ಡಾ. ಬೆನೆಟ್ ಒಮಾಲು ಇದನ್ನು ಕಂಡದ್ದೆಲ್ಲ ಇವರಿಗೆ ಬಾಯಿಪಾಠ. "ನನಗೂ ಅದೇ ಮೇಡಂ. ಎಂಆರ್‌ಐ ನಾರ್ಮಲ್ ಬಂದಿದೆ, ಆದರೆ ಅದು ಅದರಲ್ಲಿ ಕಾಣುದಿಲ್ಲಂತೆ."

ಮಾತು ಅರ್ಧ ನಿಜ. ಸಿಟಿಇ ಖಚಿತವಾಗುವುದು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಮಾತ್ರ. "ಹಾಗಾದರೆ ನಿಮಗೆ ಇದೆ ಅಂತ ಯಾರು ಹೇಳಿದರು?" ಎಂದೆ. ಅವರು ಮೊದಲ ಸಲ ನಕ್ಕರು. ಮರೆವು, ಸಿಟ್ಟು, ತಲೆನೋವು ನಿದ್ದೆಗೆಟ್ಟವರಿಗೂ ಬರುತ್ತವೆ, ಖಿನ್ನತೆ ಇದ್ದವರಿಗೂ, ಕುಡಿಯುವವರಿಗೂ. ದಿನಾ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಇವರಲ್ಲಿ ಈ ನಾಲ್ಕೂ ಇದ್ದವು, ನಾಲ್ಕಕ್ಕೂ ಚಿಕಿತ್ಸೆ ಇದೆ.

ಹೆಂಡತಿಯನ್ನು ಹೊರಗೆ ಕೂರಿಸಿ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಒಮ್ಮೊಮ್ಮೆ ಬಂದಿತ್ತು. ಅವರೇ ಒಪ್ಪಿ ಹೆಂಡತಿಗೆ ಹೇಳಿದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇಬ್ಬರ ಫೋನಿನಲ್ಲೂ ಸೇರಿತು. ಮನೋವೈದ್ಯರ ಬಳಿಗೂ ಕಳಿಸಿದೆ.

ಜಗಳವಾದದ್ದು ಆಟದ ವಿಷಯಕ್ಕೆ. ಬಿಟ್ಟುಬಿಡಿ ಎಂದೆ. "ಹೆಲ್ಮೆಟ್ ಹಾಕಿದರೆ?" ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಪ್ರಜ್ಞೆ ತಪ್ಪಿಸುವ ಪೆಟ್ಟು ಮಾತ್ರ ಲೆಕ್ಕಕ್ಕೆ ಎಂದು ಅವರು ನಂಬಿದ್ದರು. ಏನೂ ಆಗಿಲ್ಲ ಅನ್ನಿಸುವ ಸಣ್ಣ ಪೆಟ್ಟುಗಳೂ ವರ್ಷಗಳುದ್ದಕ್ಕೂ ಸೇರುತ್ತಾ ಹೋಗುತ್ತವೆ ಎಂದಾಗ ಮುಖ ಸಪ್ಪೆಯಾಯಿತು. ನರರೋಗ ತಜ್ಞರು ನೋಡುವ ತನಕ ಅಂಕಣಕ್ಕೆ ಇಳಿಯುವುದಿಲ್ಲ ಎಂಬಲ್ಲಿಗೆ ಒಪ್ಪಂದವಾಯಿತು.

ತಂಡದ ಹುಡುಗರಿಗೂ ಹೇಳಲು ಕೆಲವು ಮಾತು ಬರೆದುಕೊಟ್ಟೆ. ತಲೆಗೆ ಪೆಟ್ಟಾಗಿ ಮಂಕಾದವನಿಗೆ ಆ ದಿನ ಆಟ ಮುಗಿಯಿತು. ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಡಿಗೆ, ನಿಧಾನಕ್ಕೆ ಓಟ. ಮೈಗೆ ಮೈ ತಾಗುವ ಆಟ ವೈದ್ಯರು ಒಪ್ಪಿದ ಮೇಲೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಈಗಿಲ್ಲ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಿದ್ದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ.

ಉಳಿದದ್ದು ಯಾರಿಗೂ ರುಚಿಸದ ಸಲಹೆ: ನಿದ್ದೆ, ಬಿಪಿ, ಕುಡಿತ. ಇವರ ಬಿಪಿ ಆಗಲೇ ಹೆಚ್ಚಿತ್ತು, ಅಳೆಸಿಯೇ ಇರಲಿಲ್ಲ. ಮರೆಗುಳಿತನಕ್ಕೆ ಕಾರಣವಾಗಬಲ್ಲ, ಬದಲಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ತಲೆಪೆಟ್ಟು ಅದರಲ್ಲಿ ಒಂದು. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಅತಿ ಕುಡಿತ, ಖಿನ್ನತೆ, ಕಿವಿ ಮಂದವಾಗುವುದೂ ಇವೆ. ಬಿದ್ದ ಪೆಟ್ಟನ್ನು ಅಳಿಸಲಾಗದು, ಇವುಗಳ ಮೇಲೆ ಕೈ ಇಡಬಹುದು. ಆನ್‌ಲೈನಿನಲ್ಲಿ ತರಿಸಿದ್ದ ನೆನಪಿನ ಶಕ್ತಿಯ ಕ್ಯಾಪ್ಸೂಲ್ ಡಬ್ಬಿ ತೋರಿಸಿದರು. ಆ ದುಡ್ಡಿಗೆ ಬಿಪಿ ಮಿಷನ್ ಬರುತ್ತಿತ್ತು ಎಂದೆ.

ಈಗ ತಲೆನೋವು ಇಳಿದಿದೆ, ನಿದ್ದೆ ಬರುತ್ತಿದೆ. ಮಕ್ಕಳಿಗೆ ತರಬೇತಿ ಕೊಡುತ್ತಾರೆ. ಚೌತಿಯ ಪಂದ್ಯಾಟಕ್ಕೆ ಒಂದು ಮ್ಯಾಚ್ ಮಾತ್ರ ಎಂಬ ಹಟ ಬಿಟ್ಟಿಲ್ಲ. ಹೆಂಡತಿ ಒಪ್ಪಿಲ್ಲ, ನಾನೂ ಒಪ್ಪಿಲ್ಲ.